ಕರ್ಬೂಜದ ಕ್ರಾಸ್: ಹೂವಿನ ಹೊತ್ತು, ಹಣ್ಣಿನ ಗುಣ

ಕೈಯಿಂದ ಪರಾಗಸ್ಪರ್ಶ ಮಾಡಿ ಕರ್ಬೂಜದ ತಳಿಗಳನ್ನು ಬೆರೆಸುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಚಿಕ್ಕದಾಗಿಸಿದ್ದೇವೆ.

ಪ್ರಶ್ನೆ: ತಾಯಿ ತಳಿ ಒಂದೇ, ತಂದೆ ತಳಿ ಒಂದೇ, ಪಾತಿಯೂ ಒಂದೇ. ಆದರೂ ಒಂದು ಬಳ್ಳಿಯಲ್ಲಿ ದುಂಡಗಿನ ಸಿಹಿ ಹಣ್ಣು, ಪಕ್ಕದ ಬಳ್ಳಿಯಲ್ಲಿ ಚಪ್ಪಟೆಯಾದ ಸಪ್ಪೆ ಹಣ್ಣು. ಪರಾಗಸ್ಪರ್ಶ ಮಾಡಿದ ಸಮಯದಿಂದ ಇಷ್ಟೊಂದು ವ್ಯತ್ಯಾಸ ಬರುತ್ತದೆಯೇ?

ಬರುತ್ತದೆ. ಆದರೆ ಸಮಯ ಎಂದರೆ ಬೆಳಿಗ್ಗೆ ಎಷ್ಟು ಗಂಟೆಗೆ ಹೂ ಮುಟ್ಟಿದಿರಿ ಎಂಬುದೊಂದೇ ಅಲ್ಲ. ಆಗ ಬಳ್ಳಿ ಎಷ್ಟು ಬೆಳೆದಿತ್ತು, ಹೂ ಎಷ್ಟನೇ ಗೆಣ್ಣಿನದು ಎಂಬುದನ್ನೂ ನೋಡಬೇಕು. ಗಂಟೆ ತಪ್ಪಿದರೆ ಸಾಮಾನ್ಯವಾಗಿ ಕಾಯಿ ಕಚ್ಚುವುದೇ ಇಲ್ಲ, ಕಚ್ಚಿದರೂ ಸೊಟ್ಟಗಾಗುತ್ತದೆ. ನೀವು ಹೇಳುವಂತೆ ಆಕಾರ ಸರಿಸಮ ಇದ್ದು, ಚಪ್ಪಟೆಯೂ ಸಪ್ಪೆಯೂ ಆಗಿದ್ದರೆ ನಮ್ಮ ಅನುಮಾನ ಗೆಣ್ಣಿನ ಮೇಲೆ.

ಒಂಟಿ ಕಾಂಡವಾಗಿ ಹಗ್ಗಕ್ಕೆ ಹಬ್ಬಿಸಿದ ಬಳ್ಳಿಯಲ್ಲಿ ಕಾಯಿ ಕೊಡುವ ಹೂ ಬರುವುದು ಪಕ್ಕದ ಕವಲುಗಳ ಮೊದಲ ಗೆಣ್ಣಿನಲ್ಲಿ. ಮುಖ್ಯ ಕಾಂಡದ 5-6ನೇ ಗೆಣ್ಣಿನ ಕವಲಿನಲ್ಲೇ ಕಾಯಿ ಬಿಟ್ಟರೆ ಅದನ್ನು ಸಾಕುವಷ್ಟು ಎಲೆ ಬಳ್ಳಿಯಲ್ಲಿ ಇನ್ನೂ ಇರುವುದಿಲ್ಲ. ಹಣ್ಣು ಚಿಕ್ಕದಾಗಿ, ಚಪ್ಪಟೆಯಾಗಿ ನಿಲ್ಲುತ್ತದೆ. 10ರಿಂದ 13ನೇ ಗೆಣ್ಣಿನ ನಡುವೆ ಬಿಟ್ಟರೆ ಗಾತ್ರ, ಆಕಾರ ಎರಡೂ ಚೆನ್ನ. ಇನ್ನೂ ಮೇಲೆ ಹೋದರೆ ಹಣ್ಣು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಅದು ಹಣ್ಣಾಗುವ ಹೊತ್ತಿಗೆ ಕೆಳಗಿನ ಎಲೆಗಳು ಮುದಿಯಾಗಿರುತ್ತವೆ. ಹಾಗಾಗಿ 9ನೇ ಗೆಣ್ಣಿನವರೆಗಿನ ಕವಲುಗಳನ್ನು ಎಳಸಾಗಿದ್ದಾಗಲೇ ಚಿವುಟಿ. ಕಾಯಿ ಬಿಡುವ ಕವಲಿನಲ್ಲಿ ಹೂವಿನಾಚೆ ಎರಡು ಎಲೆ ಉಳಿಸಿ ತುದಿ ತೆಗೆಯಿರಿ. ಮುಖ್ಯ ಕಾಂಡದ ಕುಡಿಯನ್ನು 22-25 ಎಲೆಗೆ ನಿಲ್ಲಿಸಿ.

ಪರಾಗಸ್ಪರ್ಶವಾದ ಮೊದಲ ವಾರ, ಹತ್ತು ದಿನ ಹೀಚಿನ ಒಳಗೆ ಮುಖ್ಯವಾಗಿ ನಡೆಯುವುದು ಜೀವಕೋಶಗಳ ವಿಭಜನೆ. ಎಷ್ಟು ಕೋಶ ಎಂಬುದು ಬಹುಪಾಲು ಆಗಲೇ ತೀರ್ಮಾನವಾಗಿ, ಮುಂದೆ ಅವು ಉಬ್ಬುತ್ತವೆ ಅಷ್ಟೆ. ಆ ದಿನಗಳಲ್ಲಿ ರಾತ್ರಿ ಚಳಿ ಜಾಸ್ತಿಯಿದ್ದರೆ ಅಥವಾ ಎಲೆ ಸಾಲದಿದ್ದರೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಹಣ್ಣು ದೊಡ್ಡದಾಗುವುದಿಲ್ಲ. ಸಿಹಿಯ ಕಥೆ ಬೇರೆ. ಸಕ್ಕರೆ ತುಂಬುವುದು ಕೊನೆಯ ಎರಡು ವಾರದಲ್ಲಿ, ಅದೂ ನೇರ ಎಲೆಯಿಂದ. ಬಾಳೆಯಂತೆ ಕಾಯಲ್ಲಿ ಪಿಷ್ಟ ಕೂಡಿಟ್ಟು ಆಮೇಲೆ ಸಕ್ಕರೆ ಮಾಡಿಕೊಳ್ಳುವ ಗುಣ ಕರ್ಬೂಜಕ್ಕಿಲ್ಲ. ತಡವಾಗಿ ಪರಾಗಸ್ಪರ್ಶ ಮಾಡಿದ ಕಾಯಿಗೆ ಸಕ್ಕರೆ ಬೇಕಾದಾಗ ಎಲೆಗೆ ಬೂದಿ ರೋಗ ಹತ್ತಿದ್ದರೆ ಹಣ್ಣು ಎಷ್ಟು ದೊಡ್ಡದಿದ್ದರೂ ಸಪ್ಪೆಯೇ.

ಪ್ರಶ್ನೆ: ಹೂವಿನ ಗಂಡು ಭಾಗ ತೆಗೆಯುವುದು ಯಾವಾಗ, ಪರಾಗ ಹಚ್ಚುವುದು ಯಾವಾಗ? ಕ್ರಮವಾಗಿ ತಿಳಿಸಿ.

ಮೊದಲು ತಾಯಿ ಬಳ್ಳಿಯ ಹೂ ಯಾವ ಬಗೆಯದು ನೋಡಿ. ಹೆಚ್ಚಿನ ಕರ್ಬೂಜ ತಳಿಗಳಲ್ಲಿ ಗಂಡು ಹೂ ಬೇರೆ, ಕಾಯಿ ಕೊಡುವ ಹೂ ದ್ವಿಲಿಂಗಿ. ಅಂದರೆ ಕಾಯಿ ಕೊಡುವ ಹೂವಿನಲ್ಲೇ ಪರಾಗ ಕೊಡುವ ಗಂಡು ಭಾಗ, ಅಂದರೆ ಕೇಸರವೂ ಇರುತ್ತದೆ. ಅದನ್ನು ತೆಗೆಯದೆ ಹೊರಗಿನ ಪರಾಗ ಹಚ್ಚಿದರೆ ಬೀಜದಲ್ಲಿ ಎಷ್ಟು ಪಾಲು ನಿಜವಾದ ಕ್ರಾಸ್ ಎಂದು ಹೇಳಲಾಗದು.

ಹಿಂದಿನ ದಿನ ಸಂಜೆ ನಾಲ್ಕರ ನಂತರ ಶುರುಮಾಡಿ. ನಾಳೆ ಅರಳುವ ಮೊಗ್ಗು ಗುರುತಿಸುವುದು ಸುಲಭ: ಬುಡದಲ್ಲಿ ರೋಮ ತುಂಬಿದ ಪುಟ್ಟ ಕಾಯಿ, ತುದಿಯಲ್ಲಿ ದಳಗಳು ಹಸಿರು ಬಿಟ್ಟು ಹಳದಿಗೆ ತಿರುಗಿವೆ, ಆದರೆ ಬಿಚ್ಚಿಲ್ಲ. ಸಂಜೆಯೇ ದಳ ಸಡಿಲವಾಗಿದ್ದರೆ ಅದನ್ನು ಬಿಡಿ. ಎಡಗೈಯ ಎರಡು ಬೆರಳಲ್ಲಿ ತೊಟ್ಟನ್ನು ಆಧಾರಕ್ಕೆ ಹಿಡಿದು, ಸಣ್ಣ ಮೊನೆಯ ಚಿಮಟದಿಂದ ದಳಗಳನ್ನು ಒಂದೊಂದಾಗಿ ಹೊರಕ್ಕೆ ಸೀಳಿ ತೆಗೆಯಿರಿ. ಒಳಗೆ ಮೂರು ಕೇಸರಗಳಂತೆ ಕಾಣುತ್ತದೆ. ನಿಜಕ್ಕೆ ಐದು, ನಾಲ್ಕು ಜೋಡಿಜೋಡಿಯಾಗಿ ಅಂಟಿಕೊಂಡಿರುತ್ತವೆ. ಅವನ್ನು ಬುಡಕ್ಕೆ ಹಿಡಿದು ಹೊರಮುಖವಾಗಿ ಎಳೆದು ತೆಗೆಯಿರಿ. ಪರಾಗಕೋಶ ಹಿಂಡಿದರೆ ಅದು ಒಡೆಯುತ್ತದೆ. ನಡುವಿನ ಶಲಾಕಾಗ್ರಕ್ಕೆ (ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ) ಚಿಮಟ ತಾಗಬಾರದು, ಕಾಯಿಯ ಸಿಪ್ಪೆಗೂ ಉಗುರು ಗೀರಬಾರದು. ಆ ಗೀರು ಹಣ್ಣಿನವರೆಗೂ ಉಳಿಯುತ್ತದೆ.

ತಕ್ಷಣ ಬೆಣ್ಣೆ ಕಾಗದದ ಸಣ್ಣ ಚೀಲವನ್ನೋ ಜೆಲಟಿನ್ ಕ್ಯಾಪ್ಸೂಲಿನ ಅರ್ಧವನ್ನೋ ಮುಚ್ಚಿ. ಅದೇ ಸಂಜೆ ತಂದೆ ಬಳ್ಳಿಯ ಗಂಡು ಮೊಗ್ಗುಗಳ ದಳದ ತುದಿಗೂ ಕ್ಲಿಪ್ ಹಾಕಬೇಕು. ಬಹಳ ಜನ ಮರೆಯುವುದು ಇದನ್ನೇ. ಬೆಳಿಗ್ಗೆ ನಿಮಗಿಂತ ಮುಂಚೆ ಜೇನು ಬಂದು ಹೋಗಿದ್ದರೆ ಆ ಹೂವಿನಲ್ಲಿ ಬೇರೆ ಬಳ್ಳಿಯ ಪರಾಗವೂ ಸೇರಿರುತ್ತದೆ.

ಮಾರನೆ ಬೆಳಿಗ್ಗೆ ಗಂಡು ಹೂವನ್ನು ಕಿತ್ತು, ದಳ ಹಿಂದಕ್ಕೆ ಮಡಚಿ, ಪರಾಗಕೋಶವನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಉಜ್ಜಿ. ಹಳದಿ ಪುಡಿ ಅಂಟಿದರೆ ಒಡೆದಿದೆ ಎಂದರ್ಥ, ಉಗುರು ಬರಿದಾಗಿದ್ದರೆ ಕಾಯಿರಿ. ಉಷ್ಣತೆ 15 ಡಿಗ್ರಿಗಿಂತ ಕೆಳಗಿದ್ದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ. ಅಂಥ ದಿನ ಆರು ಗಂಟೆಗೇ ಹೋಗಿ ಪ್ರಯೋಜನವಿಲ್ಲ, ಬಿಸಿಲು ಬೀಳಲಿ. ಬೇಸಿಗೆಯಲ್ಲಿ ತದ್ವಿರುದ್ಧ: ಒಂಬತ್ತಕ್ಕೆ ಕೆಲಸ ಮುಗಿಸಿ. ಉಳಿದ ದಿನಗಳಲ್ಲಿ ಹತ್ತರವರೆಗೆ ಅಡ್ಡಿಯಿಲ್ಲ.

ಶಲಾಕಾಗ್ರಕ್ಕೆ ಸಾಮಾನ್ಯವಾಗಿ ಮೂರು ಹಾಲೆ. ಸಿದ್ಧವಾದಾಗ ಅಂಟಂಟಾಗಿ ಹೊಳೆಯುತ್ತದೆ. ಮೂರಕ್ಕೂ ಪರಾಗ ಹತ್ತುವಂತೆ ಸುತ್ತ ಒತ್ತಿ. ಒಂದು ಗಂಡು ಹೂ ಸಾಕಾಗಬಹುದು, ಎರಡು ಬಳಸುವುದು ಒಳ್ಳೆಯದು. ಮತ್ತೆ ಮುಚ್ಚಿ, ಎರಡು-ಮೂರು ದಿನದ ಮೇಲೆ ಚೀಲ ತೆಗೆಯಿರಿ. ತಂದೆ ತಳಿ ಬದಲಾದಾಗಲೆಲ್ಲ ಚಿಮಟವನ್ನೂ ಬೆರಳನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಆರಿದ ಮೇಲೆ ಮುಂದಿನ ಹೂ ಮುಟ್ಟಿ. ಚೀಟಿಯಲ್ಲಿ ತಾಯಿ, ತಂದೆ, ದಿನಾಂಕ, ಗಂಟೆ, ಗೆಣ್ಣಿನ ಸಂಖ್ಯೆ ಐದೂ ಇರಲಿ. ಸೀಸದ ಕಡ್ಡಿಯಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಬರಹ ಬಿಸಿಲಿಗೆ ಮಾಸುತ್ತದೆ.

ಈ ಕೇಸರ ಕೀಳುವ ಕೆಲಸವೇ ಬೇಡ ಎನ್ನುವವರು ಶುದ್ಧ ಹೆಣ್ಣು ಹೂ ಬಿಡುವ ತಳಿಯನ್ನು ತಾಯಿ ಮಾಡಿಕೊಳ್ಳಬಹುದು. ಮೊಗ್ಗಿಗೆ ಕ್ಲಿಪ್ ಹಾಕಿದರೆ ಸಾಕು. ಆದರೆ ಹೆಣ್ಣು ಹೂವಿನ ಗುಣ ತರುವ ವಂಶವಾಹಿಯೇ ಹಣ್ಣನ್ನು ಉದ್ದವಾಗಿಸುವ ಕಡೆಗೂ ಎಳೆಯುತ್ತದೆ. ದುಂಡು ಹಣ್ಣೇ ಗುರಿಯಾಗಿದ್ದರೆ ಅದು ನಿಮಗೆ ತೊಡಕು.

ಪ್ರಶ್ನೆ: ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗಿದೆ. ಪರಾಗ ಸಾಲದೆ ಹೋಯಿತೇ, ಅಥವಾ ಹುಳುವಿನ ಕಾಟವೇ?

ಅಡ್ಡಕ್ಕೆ ಕತ್ತರಿಸಿ ಬೀಜ ನೋಡಿದರೆ ಗೊತ್ತಾಗುತ್ತದೆ. ಸೊರಗಿದ ಕಡೆ ಬೀಜ ಜೊಳ್ಳಾಗಿದ್ದರೆ ಅಥವಾ ತೆಳ್ಳಗಿನ ಬಿಳಿ ಚಕ್ಕೆಯಾಗಿ ಉಳಿದಿದ್ದರೆ ಪರಾಗದ ಕೊರತೆ. ಅಲ್ಲೂ ಬೀಜ ತುಂಬಿಕೊಂಡಿದ್ದರೆ ಪರಾಗಸ್ಪರ್ಶದ ತಪ್ಪಲ್ಲ. ಸಿಪ್ಪೆಯಲ್ಲಿ ಹಣ್ಣು ನೊಣ ಚುಚ್ಚಿದ ಗುರುತನ್ನೋ ಚಿಮಟದ ಗಾಯವನ್ನೋ ಹುಡುಕಿ.

ಒಂದು ಅಂಡಾಶಯದಲ್ಲಿ ಮುಂದೆ ಬೀಜವಾಗುವ ನೂರಾರು ಅಂಡಕಗಳಿರುತ್ತವೆ, ಒಂದೊಂದಕ್ಕೂ ಒಂದೊಂದು ಪರಾಗ ಕಣ ಬೇಕು. ಬೆಳೆಯುತ್ತಿರುವ ಬೀಜವೇ ಸುತ್ತಲಿನ ತಿರುಳನ್ನು ಬೆಳೆಯಲು ಪ್ರಚೋದಿಸುತ್ತದೆ. ಬೀಜವಿಲ್ಲದ ಕಡೆ ತಿರುಳೂ ಹಿಂದೆ ಬೀಳುತ್ತದೆ. ಒಂದೇ ಹಾಲೆಗೆ ಪರಾಗ ತಾಗಿಸಿ ಬಿಟ್ಟಾಗ ಹೀಗಾಗುವುದುಂಟು. ಹನ್ನೊಂದು ಗಂಟೆಯ ಮೇಲೆ, ಶಲಾಕಾಗ್ರದ ಹೊಳಪು ಹೋಗಿ ಒಣಗತೊಡಗಿದಾಗ ಹಚ್ಚಿದರೂ ಹೀಗೆಯೇ. ಆಗ ಕೆಲವು ಕಣಗಳಷ್ಟೇ ಮೊಳೆಯುತ್ತವೆ. 35 ಡಿಗ್ರಿ ದಾಟಿದ ಸೆಕೆಯಲ್ಲಿ ಪರಾಗವೇ ಬಲ ಕಳೆದುಕೊಳ್ಳುತ್ತದೆ. ಅಂಥ ವಾರದಲ್ಲಿ ಗಂಟೆ ಸರಿಯಿದ್ದೂ ಸೊಟ್ಟ ಕಾಯಿ ಬಂದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಮೊದಲು ಮಾಡಿದ ಎರಡು ಕ್ರಾಸ್ ನಿಂತಿವೆ. ಆಮೇಲೆ ಮಾಡಿದವೆಲ್ಲ ನಾಲ್ಕೈದು ದಿನದಲ್ಲಿ ಹಳದಿಯಾಗಿ ಉದುರುತ್ತಿವೆ. ಕೈ ಕೆಟ್ಟಿತೇ?

ಕೈ ಕೆಟ್ಟಿಲ್ಲ, ಬಳ್ಳಿಗೆ ಸಾಕಾಗಿದೆ. ಕಚ್ಚಿದ ಮೊದಲ ಕಾಯಿ ಎಲೆಯ ಸಕ್ಕರೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ತಡವಾಗಿ ಬಂದ ಹೀಚು ಹಸಿದು ಉದುರುತ್ತದೆ. ಒಂದೇ ಬಳ್ಳಿಯಲ್ಲಿ ಎರಡು ಕಾಯಿ ಬೇಕೆಂದರೆ ಎರಡು ಹೂವಿಗೂ ಒಂದೇ ದಿನ, ಹೆಚ್ಚೆಂದರೆ ಒಂದೆರಡು ದಿನದ ಅಂತರದಲ್ಲಿ ಪರಾಗ ಹಚ್ಚಿ. ಐದಾರು ದಿನದ ಅಂತರವಾದರೆ ಎರಡನೆಯದು ಉದುರುತ್ತದೆ, ಇಲ್ಲವೇ ಚಿಕ್ಕದಾಗಿ ಉಳಿಯುತ್ತದೆ.

ಇನ್ನೊಂದು ಮಾತು. ಎಲೆಯ ಮರೆಯಲ್ಲಿ ಜೇನಿನಿಂದ ಕಚ್ಚಿದ ಕಾಯಿ ಒಂದಿದ್ದರೂ ನಿಮ್ಮ ಕ್ರಾಸ್ ನಿಲ್ಲುವುದು ಕಷ್ಟ. ಕೇಸರ ಕಿತ್ತ ಹೂವು ಮೊದಲೇ ಗಾಯಗೊಂಡದ್ದು, ಗಾಯವಿಲ್ಲದ ಹೂವಿನೊಂದಿಗೆ ಪೈಪೋಟಿಗೆ ಇಳಿದರೆ ಸೋಲುತ್ತದೆ. ಕ್ರಾಸ್ ಮಾಡುವ ಮುನ್ನ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ತಡಕಿ, ಇರುವ ಹೀಚನ್ನೆಲ್ಲ ತೆಗೆಯಿರಿ.

ಒಂದು ಬಳ್ಳಿಗೆ ಮೂರು ಹೂವಿಗೆ ಪರಾಗ ಹಚ್ಚಿ, ಕೋಳಿ ಮೊಟ್ಟೆ ಗಾತ್ರಕ್ಕೆ ಬಂದಾಗ ಒಂದನ್ನು ಉಳಿಸುವುದು ವಾಡಿಕೆ. ಆ ಹಂತದಲ್ಲಿ ತುಸು ಉದ್ದವಾಗಿರುವುದನ್ನು ಉಳಿಸಿಕೊಳ್ಳಿ. ಆಗಲೇ ಪೂರ್ತಿ ದುಂಡಗಿರುವುದು ಮುಂದೆ ಚಪ್ಪಟೆಯಾಗುತ್ತದೆ.

ಪ್ರಶ್ನೆ: ಹಸಿರು ತಿರುಳಿನ ತಾಯಿಗೆ ಕಿತ್ತಳೆ ತಿರುಳಿನ ತಂದೆಯ ಪರಾಗ ಹಚ್ಚಿದೆ. ಹಣ್ಣು ಕೊಯ್ದರೆ ತಿರುಳು ಹಸಿರೇ. ಕ್ರಾಸ್ ಆಗಲಿಲ್ಲವೇ?

ಆಗಿರಬಹುದು, ಹಣ್ಣು ನೋಡಿ ಹೇಳಲಾಗದು. ತಿರುಳು, ಸಿಪ್ಪೆ ಎರಡೂ ತಾಯಿಯ ಅಂಗ. ಹೊಸ ಸಂತಾನವೆಂದರೆ ಬೀಜದೊಳಗಿನ ಭ್ರೂಣ ಮಾತ್ರ. ಬೀಜ ಬಿತ್ತಿ ಬೆಳೆದ ಬಳ್ಳಿಯ ಹಣ್ಣು ಕಿತ್ತಳೆಯಾಗಿದ್ದರೆ ಕ್ರಾಸ್ ಆಗಿದೆ, ಏಕೆಂದರೆ ಹಸಿರಿನ ಮೇಲೆ ಕಿತ್ತಳೆ ಪ್ರಬಲ. ಹಸಿರೇ ಬಂದರೆ ಅದು ತಾಯಿ ತಳಿಯ ಸ್ವಂತ ಪರಾಗದಿಂದ ಆದ ಬೀಜ. ಈ ಜೋಡಿಯನ್ನು ನೀವು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು, ತಂದೆ ತಾಯಿ ಅದಲುಬದಲಾಗಿದ್ದರೆ ಹೀಗೆ ಪರೀಕ್ಷಿಸಲು ಬರುತ್ತಿರಲಿಲ್ಲ. ಹಣ್ಣಿನವರೆಗೆ ಕಾಯಲು ಆಗದವರು ರೋಮವಿಲ್ಲದ ನುಣುಪು ಎಲೆಯ ತಾಯಿಯನ್ನು ಬಳಸಬಹುದು. ಆ ಗುಣ ಅಪ್ರಬಲವಾದ್ದರಿಂದ ಸಸಿಯಲ್ಲೇ ನುಣುಪಾಗಿರುವುದನ್ನು ಕಿತ್ತೆಸೆದರಾಯಿತು.

ಕ್ರಾಸ್ ಮಾಡಿದ ಹಣ್ಣನ್ನೇ ರುಚಿ ನೋಡಿ ‘ಈ ತಂದೆಯಿಂದ ಸಿಹಿ ಬಂತು’ ಎಂದು ಬರೆದುಕೊಳ್ಳುವವರಿದ್ದಾರೆ. ಆ ಸಿಹಿ ತಾಯಿಯದು, ಎಲೆಯದು, ಕೊಯ್ದ ದಿನದ್ದು. ತಂದೆಯ ಪಾಲೇನಿದ್ದರೂ ಪರಾಗ ಎಷ್ಟು ಬೀಜ ಕಟ್ಟಿತು, ಅದರಿಂದ ಹಣ್ಣು ಎಷ್ಟು ತುಂಬಿಕೊಂಡಿತು ಎಂಬುದರಲ್ಲಿ.

ಪ್ರಶ್ನೆ: ಬೆಳಿಗ್ಗೆ ಸಮಯವಿಲ್ಲ. ಕೇಸರ ತೆಗೆದ ಸಂಜೆಯೇ ಪರಾಗ ಹಚ್ಚಬಹುದೇ? ಹಿಂದಿನ ದಿನದ ಗಂಡು ಹೂ ನಡೆಯುತ್ತದೆಯೇ?

ಮೊಗ್ಗಿನಲ್ಲೇ ಹಚ್ಚಿದರೆ ಕೆಲವು ಕಚ್ಚುತ್ತವೆ, ಆದರೆ ಮಾರನೆ ಬೆಳಗಿನಷ್ಟಲ್ಲ, ಬೀಜವೂ ಕಡಿಮೆ. ನಾಲ್ಕು ಬೀಜ ಸಿಕ್ಕರೂ ಸಾಕು ಎನ್ನುವ ಕ್ರಾಸಿಗೆ ಅಡ್ಡಿಯಿಲ್ಲ, ಹಣ್ಣಿನ ಗುಣ ನೋಡುವ ಕ್ರಾಸಿಗೆ ಬೇಡ. ಅರಳಿ ಮಧ್ಯಾಹ್ನ ಕಳೆದ ಹೂವಿನ ಆಸೆ ಬಿಡಿ. ಕರ್ಬೂಜದ ಹೂ ಒಂದೇ ದಿನದ್ದು.

ಗಂಡು ಹೂವಿನ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ. ಸಂಜೆ ಹಳದಿ ತಿರುಗಿದ ಮೊಗ್ಗು ಕಿತ್ತು, ತುಸುವೇ ತೇವದ ಕಾಗದ ಹಾಸಿದ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆ ಒಳಗೇ ಅರಳುತ್ತದೆ. ಹೊರಗೆ ಮಳೆಯಿದ್ದರೂ ಪರಾಗ ಒಣಗಿರುತ್ತದೆ. ಇದು ದೊಡ್ಡ ಲಾಭ, ಏಕೆಂದರೆ ನೀರು ತಾಗಿದ ಪರಾಗ ಕಣ ಒಡೆದುಹೋಗುತ್ತದೆ. ಅರಳಿದ ಹೂವನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಬಳಸಬಹುದು, ಕಚ್ಚುವಿಕೆ ಇಳಿಯುತ್ತದೆ. ಎರಡು ತಳಿಗಳು ಹೂ ಬಿಡುವ ಕಾಲವೇ ಹೊಂದದಿದ್ದರೆ ಪರಾಗ ಕಾಪಿಡುವ ಸಾಹಸಕ್ಕಿಂತ ತಡವಾಗಿ ಹೂ ಬಿಡುವುದನ್ನು ವಾರ, ಹತ್ತು ದಿನ ಮುಂಚೆ ಬಿತ್ತುವುದೇ ವಾಸಿ.

ಪ್ರಶ್ನೆ: ಹಾರ್ಮೋನ್ ಸಿಂಪಡಿಸಿ ಕಾಯಿ ನಿಲ್ಲಿಸಬಹುದಲ್ಲವೇ?

ಫೋರ್‌ಕ್ಲೋರ್‌ಫೆನ್ಯೂರಾನ್‌ನಂಥವು ಪರಾಗವಿಲ್ಲದೆಯೂ ಕಾಯಿ ನಿಲ್ಲಿಸುತ್ತವೆ. ಆದರೆ ಬೀಜವಿಲ್ಲದ ಕಾಯಿ ತಳಿ ಮಾಡುವವರಿಗೆ ಏತಕ್ಕೆ? ಕ್ರಾಸ್ ವಿಫಲವಾದದ್ದು ಹಣ್ಣು ಸೀಳುವವರೆಗೆ ಗೊತ್ತೇ ಆಗುವುದಿಲ್ಲ, ಅಷ್ಟೇ ಸಿಗುವ ಲಾಭ.

ಪ್ರಶ್ನೆ: ಹತ್ತು ಎಫ್‌1ಗಳನ್ನು (ಕ್ರಾಸಿನ ಮೊದಲ ಪೀಳಿಗೆ) ಬೆಳೆದು ಬ್ರಿಕ್ಸ್ (ರಸದ ಸಿಹಿಯ ಅಳತೆ) ಅಳೆದೆ. ಒಂದೇ ಎಫ್‌1ನಲ್ಲಿ 9 ಕೂಡ ಬಂತು, 13 ಕೂಡ ಬಂತು. ಯಾವುದನ್ನು ನಂಬಲಿ?

ಹಣ್ಣುಗಳು ಒಂದೇ ವಯಸ್ಸಿನವಲ್ಲದಿದ್ದರೆ ಯಾವುದನ್ನೂ ನಂಬಬೇಡಿ. ತಂದೆ ತಾಯಿ ಶುದ್ಧ ತಳಿಗಳಾಗಿದ್ದರೆ ಒಂದು ಎಫ್‌1ನ ಬಳ್ಳಿಗಳೆಲ್ಲ ವಂಶದಲ್ಲಿ ಒಂದೇ. ಅವುಗಳ ನಡುವೆ 4 ಅಂಕದ ಅಂತರ ಬಂದರೆ ಅದು ತಳಿಯದಲ್ಲ, ಬೆಳೆಸಿದ್ದರದು ಅಥವಾ ಅಳೆದದ್ದರದು. ಪರಾಗಸ್ಪರ್ಶದ ದಿನಾಂಕ ಬರೆಯದೆ ಬಣ್ಣ ನೋಡಿ ಕೊಯ್ದರೆ 32 ದಿನದ ಹಣ್ಣೂ 40 ದಿನದ ಹಣ್ಣೂ ಒಂದೇ ಸಾಲಿನಲ್ಲಿ ಕೂರುತ್ತವೆ. ಆ ಎಂಟು ದಿನವೇ ಸಕ್ಕರೆ ತುಂಬುವ ದಿನಗಳು.

ಹೋಲಿಕೆ ಮಾಡುವ ಎಲ್ಲ ಬಳ್ಳಿಗಳಿಗೂ ಮೂರು-ನಾಲ್ಕು ದಿನದೊಳಗೆ ಕೈಯಿಂದ ಪರಾಗ ಹಚ್ಚಿ, ಎಲ್ಲದರಲ್ಲೂ 10-13ನೇ ಗೆಣ್ಣಿನಲ್ಲಿ ಒಂದೇ ಕಾಯಿ ಬಿಡಿ. ತೊಟ್ಟು ಕಳಚುವ ಜಾತಿಯಾದರೆ ತೊಟ್ಟಿನ ಸುತ್ತ ಬಿರುಕು ಪೂರ್ತಿ ಬಳಸಿ ಬಂದಾಗ ಕೊಯ್ಯಿರಿ. ಹನಿಡ್ಯೂನಂಥ ನುಣುಪು ಸಿಪ್ಪೆಯವು ತೊಟ್ಟು ಕಳಚುವುದಿಲ್ಲ, ಘಮವೂ ಕಡಿಮೆ. ಅಲ್ಲಿ ಚೀಟಿಯ ದಿನಾಂಕವೇ ಆಧಾರ. ಈ ಎರಡು ಗುಂಪುಗಳ ನಡುವಿನ ಕ್ರಾಸ್ ಆಗಿದ್ದರೆ ಎಫ್‌1 ಸಾಮಾನ್ಯವಾಗಿ ತೊಟ್ಟು ಕಳಚುವ ಕಡೆಗೇ ವಾಲುತ್ತದೆ. ತಾಯಿ ಹನಿಡ್ಯೂ ಆಗಿತ್ತೆಂದು ಕಾಯುತ್ತ ಕೂತರೆ ಹಣ್ಣು ಬಳ್ಳಿಯಲ್ಲೇ ಮೆತ್ತಗಾಗುತ್ತದೆ.

ಅಳೆಯುವಾಗ ಹಣ್ಣಿನ ಸೊಂಟದಿಂದ, ಸಿಪ್ಪೆಗೂ ಬೀಜದ ಕುಳಿಗೂ ನಡುವಿನ ತಿರುಳನ್ನೇ ತೆಗೆಯಿರಿ. ತೊಟ್ಟಿನ ಕಡೆ ಸಿಹಿ ಕಡಿಮೆ, ಹೂ ಉದುರಿದ ಕಡೆ ಜಾಸ್ತಿ. ಸಿಪ್ಪೆಯ ಕಡೆ ಕಡಿಮೆ, ಕುಳಿಯ ಕಡೆ ಜಾಸ್ತಿ. ಜಾಗ ಬದಲಾದರೆ ಒಂದೇ ಹಣ್ಣು ಎರಡು ಅಂಕ ಕೊಟ್ಟೀತು. ಕೊನೆಯ ವಾರ ನೀರು ಕಡಿಮೆ ಮಾಡುವುದಿದ್ದರೆ ಎಲ್ಲ ಸಾಲಿಗೂ ಮಾಡಿ. ಒಣಗಿಸಿ ಆಮೇಲೆ ಒಮ್ಮೆಲೇ ಹರಿಸಿದರೆ ಸಿಪ್ಪೆ ಸೀಳುತ್ತದೆ.

ಪ್ರಶ್ನೆ: ಪಕ್ಕದ ಸಾಲಿನಲ್ಲಿ ಸೌತೆಯಿದೆ. ಅದರ ಪರಾಗ ಬಂದು ಕರ್ಬೂಜ ಸಪ್ಪೆಯಾಗುತ್ತದೆ ಎನ್ನುತ್ತಾರೆ.

ಆಗದು. ಸೌತೆಗೆ 14 ವರ್ಣತಂತುಗಳು, ಕರ್ಬೂಜಕ್ಕೆ 24. ಇವು ತಾವಾಗಿ ಕೂಡುವುದಿಲ್ಲ. ಕೂಡುವುದಾಗಿದ್ದರೂ ಮೇಲೆ ಹೇಳಿದಂತೆ ಈ ಸಲದ ತಿರುಳು ತಾಯಿಯದೇ. ಸಪ್ಪೆಗೆ ಕಾರಣ ಎಲೆಯಲ್ಲಿ ಹುಡುಕಿ. ಆದರೆ ಇನ್ನೊಂದು ಕರ್ಬೂಜ ತಳಿ ಪಕ್ಕದಲ್ಲಿದ್ದರೆ ಬೀಜ ಖಂಡಿತ ಬೆರೆಯುತ್ತದೆ.

ಪ್ರಶ್ನೆ: ರುಚಿಗೆ ಸರಿಯಾದ ದಿನ ಕೊಯ್ದ ಹಣ್ಣಿನ ಬೀಜವನ್ನೇ ಇಟ್ಟುಕೊಳ್ಳಬಹುದೇ? ಕಳೆದ ಸಲ ಬೀಜದಲ್ಲಿ ಅರ್ಧದಷ್ಟು ಮೊಳೆಯಲಿಲ್ಲ.

ಇಟ್ಟುಕೊಳ್ಳಬಹುದು, ಆದರೆ ಕೊಯ್ದ ದಿನವೇ ಸೀಳಬೇಡಿ. ತಿರುಳು ತಿನ್ನುವ ಹದಕ್ಕೆ ಬಂದಾಗಲೂ ಬೀಜಕ್ಕೆ ಇನ್ನಷ್ಟು ಬಲಿಯುವುದಿರುತ್ತದೆ. ಇಡೀ ಹಣ್ಣನ್ನು ನೆರಳಿನಲ್ಲಿ ಐದರಿಂದ ಹತ್ತು ದಿನ ಇಟ್ಟು ಆಮೇಲೆ ಬೀಜ ತೆಗೆಯಿರಿ. ಹೆಚ್ಚು ದಿನ ಬಿಟ್ಟರೆ ಇನ್ನೊಂದು ತೊಂದರೆ: ಬೀಜ ಹಣ್ಣಿನೊಳಗೇ ಮೊಳೆತುಬಿಡುತ್ತದೆ. ಬಿಳಿ ಬೇರು ಹೊರಗೆ ಇಣುಕಿದ ಬೀಜವನ್ನು ಒಣಗಿಸಿ ಇಡಲು ಬರುವುದಿಲ್ಲ. ಅಪರೂಪದ ಕ್ರಾಸ್ ಆಗಿದ್ದರೆ ಆಗಲೇ ಕುಂಡಕ್ಕೆ ಹಾಕಿ.

ಬೀಜವನ್ನು ಅದರ ಲೋಳೆಯೊಂದಿಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಹುಳಿಬರಿಸಿ, ದಿನಕ್ಕೆರಡು ಸಲ ಕದಡಿ. ಮೂರನೆಯ ದಿನಕ್ಕೆ ಹೋದರೆ ಮೊಳಕೆ ಶಕ್ತಿ ಇಳಿಯುತ್ತದೆ. ನಿಮ್ಮ ಕಳೆದ ಸಲದ ಬೀಜಕ್ಕೆ ಆದದ್ದು ಇದೂ ಇರಬಹುದು. ತೊಳೆಯುವಾಗ ತೇಲಿದ್ದು ಬಹುಪಾಲು ಜೊಳ್ಳು, ಮುಳುಗಿದ್ದನ್ನು ಉಳಿಸಿ. ಆದರೆ ಹತ್ತಿಪ್ಪತ್ತೇ ಬೀಜ ಸಿಕ್ಕ ಕ್ರಾಸಿನಲ್ಲಿ ತೇಲಿದ್ದನ್ನೂ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಿದ್ದರೆ ಬಿಸಾಡಬೇಡಿ. ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಿನಲ್ಲಿ ತೆಳ್ಳಗೆ ಹರವಿ. ಬಗ್ಗಿಸಿದರೆ ಬಾಗದೆ ಚಟಕ್ಕನೆ ಮುರಿಯುವಷ್ಟು ಒಣಗಿದ ಮೇಲೆ ಗಾಳಿ ಸೇರದ ಡಬ್ಬಿಗೆ ಹಾಕಿ, ಹೂವಿಗೆ ಕಟ್ಟಿದ್ದ ಚೀಟಿಯನ್ನೂ ಅದರ ಜೊತೆಗೇ ಇಡಿ.